ನೆಟ್ಟಗೆ ಒತ್ತಿದ ಮುದ್ರೆ

ನಮ್ಮ ಪುರಸಭೆಯಲ್ಲಿ ವಿಭಾಗದ ಮುಖ್ಯಸ್ಥೆಯಾದ ಮೊದಲ ಹೆಂಗಸು ನನ್ನ ಪಕ್ಕದ ಮನೆಯ ಶಿಗೆಯೊ ಅಕ್ಕ. ಯುದ್ಧ ಮುಗಿದ ಮರುವರ್ಷ ಗಂಡಸರಿಗೆ ಚಹಾ ಕೊಡಲು ಸೇರಿದವಳು, ಕೂದಲು ನರೆಯುವ ಹೊತ್ತಿಗೆ ಕುರ್ಚಿ ಹಿಡಿದಳು. ಇದನ್ನೆಲ್ಲ ಅವಳು ನನಗೆ ಹೇಳಿದ್ದು ಊರ ಹೆಂಗಸರೆಲ್ಲ ಒಟ್ಟಿಗೆ ಮೀಯುವ ಸ್ನಾನದ ಮನೆಯಲ್ಲಿ. ಬಿಸಿನೀರಲ್ಲಿ ಕುತ್ತಿಗೆಯವರೆಗೆ ಮುಳುಗಿ ಕೂತರೆ ಹಬೆಯಲ್ಲಿ ಮುಖ ಕರಗಿ ದನಿ ಮಾತ್ರ ತೇಲಿ ಬರುತ್ತಿತ್ತು. ಕನಸೋ ನಿಜವೋ ಎಂದು ನನಗೆ ಈಗಲೂ ಅನುಮಾನ.

ಆಗ ನಾವು ಹೆಂಗಸರು ಕೂಸುಗಳನ್ನು ಬೆನ್ನಿಗೆ ಕಟ್ಟಿಕೊಂಡೇ ಚಿಪ್ಪು ಬಿಡಿಸಿ ಸಿಂಪಿಯ ಮಾಂಸ ತೆಗೆಯುತ್ತಿದ್ದೆವು. ಸಮುದ್ರದ ಮಂಜು ನಮ್ಮ ಕೆಲಸದ ಕೊಟ್ಟಿಗೆಯ ಒಳಗೇ ಬಂದು ಕೂರುತ್ತಿತ್ತು. ಕೂಸುಗಳಿಗೊಂದು ಬೆಚ್ಚಗಿನ ಶಿಶುವಿಹಾರ ಬೇಕೆಂಬುದು ಅಕ್ಕನ ಹಟ.

ಅದರ ಕಾಗದಕ್ಕೆ ವಿಭಾಗದ ಎಲ್ಲರ ಮುದ್ರೆ, ಕೊನೆಗೆ ಪುರಸಭೆಯ ಅಧ್ಯಕ್ಷರ ಮುದ್ರೆ ಬೀಳಬೇಕಿತ್ತು. ಕಚೇರಿಯ ರೂಢಿ ಎಂದರೆ, ಕೆಳಗಿನವನು ತನ್ನ ಹೆಸರಿನ ಮುದ್ರೆಯನ್ನು ಮೇಲಿನವನ ಮುದ್ರೆಯ ಕಡೆಗೆ ತುಸು ವಾಲಿಸಿ ಒತ್ತಬೇಕು, ಬಗ್ಗಿ ನಮಸ್ಕರಿಸಿದ ಹಾಗೆ. ಕಜಿತಾನಿ ಮಾತ್ರ ಒತ್ತಲಿಲ್ಲ. ಒಂದು ಕಾಲಕ್ಕೆ ಅಕ್ಕನ ಮೇಲಧಿಕಾರಿಯಾಗಿದ್ದವನು, ಈಗ ಅವಳ ಕೈಕೆಳಗೆ.

"ನಂಗೆ ಚಾ ತಂದ್ಕೊಡ್ತಿದ್ದೋಳಿಗೆ ನನ್ನ ಮುದ್ರೆ ಬಗ್ಬೇಕಾ?" ಎಂದ.

"ಬಗ್ಗೋದು ಬೇಡ, ನೆಟ್ಟಗೇ ಒತ್ತಿ. ಚಾ ಚೆನ್ನಾಗಿತ್ತಲ್ಲ, ಅದಕ್ಕಾದ್ರೂ ಒತ್ತಿ," ಎಂದಳು ಅಕ್ಕ.

ಕಂಬದ ಹಾಗೆ ನೆಟ್ಟಗೆ ಒತ್ತಿದ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ.

ಅಧ್ಯಕ್ಷರ ಕಣ್ಣಿಗೆ ಮೊದಲು ಬಿದ್ದದ್ದೇ ಅದು. "ಇದೇನಮ್ಮಾ, ನಿಮ್ಮ ಕೈಕೆಳಗಿನೋರೇ ನಿಮಗೆ ಬಗ್ಗಲ್ಲ, ಇನ್ನು ಶಿಶುವಿಹಾರ ಏನು ನಡೆಸ್ತೀರಿ? ಮತ್ತೆ ಸರಿಯಾಗಿ ಒತ್ತಿಸ್ಕೊಂಡು ಬನ್ನಿ."

ಮತ್ತೆ ಕೇಳಿದರೆ ಕಜಿತಾನಿ ಒತ್ತುವುದೇ ಇಲ್ಲವೆಂದು ಅಕ್ಕನಿಗೆ ಗೊತ್ತಿತ್ತು. ಕಿಟಕಿಯಾಚೆ ಮಂಜಿನಲ್ಲಿ ದೋಣಿಗಳು ನೀರೇ ಇಲ್ಲದೆ ತೇಲುವಂತೆ ಕಾಣುತ್ತಿದ್ದವಂತೆ. ಅವನ್ನೇ ನೋಡುತ್ತ ಹೇಳಿದಳು: "ನನ್ನ ಕುರ್ಚಿ ಅವ್ರಿಗೇ ಕೊಟ್ಬಿಡಿ. ಆಗ ಅವ್ರು ನನಗೆ ಬಗ್ಗೋ ಮಾತೇ ಇಲ್ಲ. ಇದಕ್ಕೆ ಮಾತ್ರ ನೀವು ಒತ್ಬಿಡಿ."

ಅಧ್ಯಕ್ಷ ಒತ್ತಿದ. ಕುರ್ಚಿಯನ್ನೂ ಕಿತ್ತುಕೊಂಡ. ಆಮೇಲೆ ಬಹಳ ಕಾಲ ಇನ್ನೊಬ್ಬ ಹೆಂಗಸು ಅದರಲ್ಲಿ ಕೂರಲಿಲ್ಲ.

ಸ್ನಾನದ ಮನೆಯಲ್ಲಿ ಇದನ್ನು ಕೇಳಿ ನಾನೆಂದೆ: "ಅಷ್ಟು ವರ್ಷ ಜೀವ ತೇದು ಸಿಕ್ಕಿದ್ದನ್ನ ಹಂಗೇ ಬಿಟ್ಕೊಟ್ಯಲ್ಲಕ್ಕ, ಸಂಕಟ ಆಗ್ಲಿಲ್ವಾ?"

"ಆಯ್ತು ಕಣೆ. ಇನ್ನೂ ಆಗ್ತಿದೆ," ಎಂದಳು ಅಕ್ಕ.

ಶಿಶುವಿಹಾರ ಬಾಗಿಲು ತೆರೆದದ್ದು ನಾವು ಹೀಗೆ ಮಾತಾಡಿದ ಆ ದಿನ ಬೆಳಗ್ಗೆಯೇ.

"ಬಿಟ್ಟು ಬರೋವಾಗ ನಿನ್ನ ಕೂಸು ಅಳ್ತಾ?" ಎಂದು ಕೇಳಿದಳು.

"ಅದು ಅಳ್ಲಿಲ್ಲಕ್ಕ," ಎಂದೆ. "ನಂಗೇ ಅಳು ಬಂತು."