ಸಾಲ ಬೇಡವೆಂದ ನರ್ಸಬಾಯಿ

ನರ್ಸಬಾಯಿಯವರ ಬಿಳಿ ಕ್ಯಾನ್ವಾಸ್ ಬೂಟುಗಳ ಹಿಮ್ಮಡಿ ಹೊರಮಗ್ಗುಲಿಗೆ ಸವೆದು ಓರೆಯಾಗಿರುತ್ತಿತ್ತು. ಹೊಸ ಜೋಡು ತಂದರೂ ಸ್ವಲ್ಪ ದಿನದಲ್ಲಿ ಅದಕ್ಕೂ ಅದೇ ಗತಿ. ಇನ್ನೇನು ಮುಗ್ಗರಿಸಿ ಬಿದ್ದರು ಅನ್ನುವಷ್ಟರಲ್ಲಿ ಮುಂದಿನ ಹೆಜ್ಜೆ ಇಟ್ಟಿರುತ್ತಿದ್ದರು. ಅವರ ನಡಿಗೆಯೇ ಹಾಗೆ. ಸುಗ್ಗಿಯ ಕಾಲದಲ್ಲಿ ಬೈಲಹೊಂಗಲದ ಪೇಟೆಯ ತುಂಬ ಹತ್ತಿಯ ಗಾಡಿಗಳು ನಿಂತಾಗ ಎತ್ತುಗಳ ಕೊಂಬಿನ ನಡುವೆ ನುಸುಳಿ ಹೋಗುವ ಬಿಳಿ ಸೀರೆಯೊಂದು ಕಂಡರೆ ಎಲ್ಲೋ ಯಾರಿಗೋ ಹೆರಿಗೆಯ ಬ್ಯಾನಿ ತಿನ್ನುತ್ತಿದೆ ಎಂದು ಊರು ತಿಳಿಯುತ್ತಿತ್ತು.

ಸ್ವಾತಂತ್ರ್ಯ ಬಂದ ಮರುವರ್ಷ ಅವರು ನಮ್ಮೂರ ಸರಕಾರಿ ದವಾಖಾನೆಗೆ ಬಂದರು. ನಮ್ಮ ಮನೆಯ ಪಕ್ಕದ ಎರಡು ಖೋಲಿಗಳಲ್ಲಿ ಒಬ್ಬರೇ ಇದ್ದರು. ಮೈನೆರೆಯುವ ಮುಂಚೆಯೇ ಗಂಡ ತೀರಿ, ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ್ದರಂತೆ. ಮುಂದೆ ಅಣ್ಣನೇ ಮನಸ್ಸು ಮಾಡಿ ಮಿರಜಕ್ಕೆ ನರ್ಸಿಂಗ್ ಕಲಿಯಲು ಕಳಿಸಿದ. ಕೆಂಪು ಹೋಗಿ ಬಿಳಿ ಬಂತು, ಕೂದಲು ಬೆಳೆಯಿತು. ಆದರೆ ಆಮೇಲೆ ಎಷ್ಟೋ ವರ್ಷ ಆ ಅಣ್ಣ ತಿಂಗಳಿಗೊಮ್ಮೆ ಬಂದು ಪಗಾರ ಎಣಿಸಿಕೊಂಡು ಹೋಗುತ್ತಿದ್ದ. ಹೋಗುವ ಮುಂಚೆ ಅಡುಗೆಮನೆಯ ಡಬ್ಬಿಗಳನ್ನೂ ತೆರೆದು ನೋಡುತ್ತಿದ್ದ. "ನಿನ್ನ ಓದಿಸಿದಾವ ನಾ" ಎಂಬ ಮಾತು ಗೋಡೆ ದಾಟಿ ನಮ್ಮ ಕಿವಿಗೂ ಬೀಳುತ್ತಿತ್ತು.

ಚಹಾವನ್ನು ಅವರು ನಿಂತೇ ಕುಡಿಯುತ್ತಿದ್ದರು. "ಕುಂತ್ರ ಕಾಲಿಗೆ ಬೇರು ಬರ್ತಾವ" ಎನ್ನುತ್ತಿದ್ದರು. ಹೆರಿಗೆ ಮಾಡಿಸಿ ಹೊರಬಂದಾಗ ಕೂಸು ಹೆಣ್ಣಾಗಿದ್ದರೆ, ಮುಖ ಇಳಿಬಿಟ್ಟು ನಿಂತ ತಂದೆಗೆ, "ಸಾಲಿಗೆ ಹೆಸರು ಹಚ್ಚೂದು ಮರೀಬ್ಯಾಡ್ರಿ" ಎನ್ನುವರು. ಕೂಸಿಗೆ ಇನ್ನೂ ನೀರೆರೆದು ಮುಗಿದಿರುತ್ತಿರಲಿಲ್ಲ!

ನಾನು ಬಿ.ಎ. ಮುಗಿಸಿದ ಬೇಸಿಗೆಯದು ಈ ಮಾತು. ಧಾರವಾಡದಲ್ಲಿ ಸೋದರಮಾವನ ಮನೆಯಲ್ಲಿದ್ದುಕೊಂಡು ಓದಿದ್ದೆ. ರಿಜಲ್ಟು ಬರುವ ಹೊತ್ತಿಗೆ ಮಾವನಿಗೆ ವಿಜಾಪುರಕ್ಕೆ ವರ್ಗವಾಯಿತು, ಆಸರೆ ತಪ್ಪಿತು. ನನಗೋ ಇತಿಹಾಸದಲ್ಲಿ ಎಂ.ಎ. ಮಾಡುವ ಹುಚ್ಚು. ಅಪ್ಪ ಹತ್ತಿ ಕಾರಖಾನೆಯಲ್ಲಿ ಗುಮಾಸ್ತ, ನನ್ನ ಕೆಳಗೆ ಇಬ್ಬರು ತಂಗಿಯರು, ಒಬ್ಬ ತಮ್ಮ. ಕೇಳಲು ಬಾಯಿಲ್ಲ, ಬಿಡಲು ಮನಸ್ಸಿಲ್ಲ. ಹಿತ್ತಲಿನಿಂದ ತಲಬಾಗಿಲಿಗೆ, ತಲಬಾಗಿಲಿನಿಂದ ಹಿತ್ತಲಿಗೆ ತಿರುಗುತ್ತಿದ್ದೆ. ಹಾಲು ಒಲೆಯ ಮೇಲಿಟ್ಟು ಮರೆಯುತ್ತಿದ್ದೆ. "ಏನಾಗೇತಿ ಇಕಿಗೆ, ಬೆಕ್ಕಿನಂಗ ಅಡ್ಡಾಡ್ತಾಳ" ಎಂದು ಅವ್ವ ಬೈಯುತ್ತಿದ್ದಳು.

ಒಂದು ಸಂಜೆ ಅಪ್ಪ ಊಟದ ನಡುವೆ ನನ್ನ ಬಾಯಿ ಬಿಡಿಸಿ, ನಿನ್ನ ಓದಿಗೆ ದೊಡವಾಡದ ಹೊಲವನ್ನು ಪೇಟೆಯ ಸಾವಕಾರನಿಗೆ ಒತ್ತಿ ಇಡುತ್ತೇನೆ ಎಂದ. ವರ್ಷದ ಜೋಳ ಬರುತ್ತಿದ್ದದ್ದು ಆ ಹೊಲದಿಂದಲೇ. ಅದೇ ವಾರ ರಾಮದುರ್ಗದಿಂದ ಒಂದು ಸಂಬಂಧವೂ ಬಂತು. ಹುಡುಗನ ತಂದೆ ದೊಡ್ಡ ವಕೀಲರು. ಈಗ ನಿಶ್ಚಯ ಮಾಡಿಕೊಂಡರೆ ಎಂ.ಎ. ಖರ್ಚೆಲ್ಲ ಅವರದೇ, ಓದು ಮುಗಿದ ಮೇಲೆ ಮದುವೆ. ಅವ್ವ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಬೀಗರ ರೊಕ್ಕದಲ್ಲಿ ಮಗಳು ಓದುವುದು ಅಪ್ಪನಿಗೆ ಮಾತ್ರ ಹಿಡಿಸಲಿಲ್ಲ.

ಮರುದಿನ ಬೆಳಿಗ್ಗೆ ನರ್ಸಬಾಯಿ ಬಂದು ನಮ್ಮ ಕಟ್ಟೆಯ ಮುಂದೆ ನಿಂತರು.

"ಗುಮಾಸ್ತರ, ಹೊಲ ಒತ್ತಿ ಇಡ್ತೀರಂತ ಕೇಳಿದೆ. ಖರೇನ?"

"ಹೌದ್ರಿ ಬಾಯಾರ. ಮತ್ತೇನ ಮಾಡೂದು? ಹುಡುಗಿ ಓದತೇನಿ ಅಂತಾಳ" ಎಂದ ಅಪ್ಪ.

"ಆ ಹೊಲ ತಿರುಗಿ ಬರ್ತದೇನು?"

ಆ ಸಾವಕಾರನ ಕೈಸೇರಿದ ಹೊಲ ತಿರುಗಿ ಬಂದದ್ದನ್ನು ನಮ್ಮೂರಲ್ಲಿ ಯಾರೂ ಕಂಡಿರಲಿಲ್ಲ.

"ಎಲ್ಲಾ ಸಾಲಕ್ಕಿಂತ ಓದಿನ ಸಾಲ ಕೆಟ್ಟದ್ರಿ. ರೊಕ್ಕ ತೀರಿದ್ರೂ ಮಾತು ತೀರೂದಿಲ್ಲ. ನಾ ಅದನ್ನ ಉಂಡಾಕಿ. ಈ ಹುಡುಗಿನ ಒಂದು ವಾರ ನನ್ನ ಜೋಡಿ ಕಳಸ್ರಿ. ರಜಾ ತಗೊಂಡೇನಿ. ಏನೂ ದಾರಿ ಸಿಗದಿದ್ರ ನಿಮ್ಮ ಒತ್ತಿಪತ್ರಕ್ಕ ನಾನ ಬಂದು ಸಾಕ್ಷಿ ಸಹಿ ಹಾಕ್ತೇನಿ."

ಒಳಗಿನಿಂದ ಅವ್ವ, "ಮದುವಿ ಆಗೂ ಹುಡುಗಿ ಊರೂರು ತಿರುಗಿದ್ರ ಮಂದಿ ಏನಂದಾರ್ರಿ?" ಎಂದಳು.

"ಮಂದಿ ಅಂದದ್ದನ್ನೆಲ್ಲಾ ನನ್ನ ಮನಿಗೆ ಕಳಸ್ರಿ. ಅಲ್ಲಿ ಮೊದಲ ಭಾಳ ಬಿದ್ದದ. ಅದರಾಗ ಇದನ್ನೂ ಒಗೀತೇನಿ."

ಮೊದಲು ಕಿತ್ತೂರಿಗೆ ಹೋದೆವು. ಅಲ್ಲಿ ಒಬ್ಬ ಸಿರಿವಂತರು ಬಡ ವಿದ್ಯಾರ್ಥಿಗಳಿಗೆ ಸಹಾಯ ಮಾಡುತ್ತಾರೆಂದು ಸುದ್ದಿಯಿತ್ತು. ಅವರು ನನ್ನ ಮಾರ್ಕು ನೋಡಿ ಮೆಚ್ಚಿ, ಕೊಡುತ್ತೇನೆ ಎಂದೇಬಿಟ್ಟರು. ಆದರೆ ಪ್ರತಿ ದಸರೆಗೆ ಬಂದು ಅವರ ಮನೆಯ ಸಭೆಯಲ್ಲಿ ನಿಂತು, ಯಾರ ಅನ್ನ ಉಂಡು ಓದುತ್ತಿದ್ದೇನೆಂದು ನಾಲ್ಕು ಜನರೆದುರು ಹೇಳಬೇಕು. ನೌಕರಿ ಹಿಡಿದ ಮೇಲೂ ಬರಬೇಕು. ನರ್ಸಬಾಯಿ ಚಹಾದ ಬಟ್ಟಲನ್ನು ಅರ್ಧಕ್ಕೇ ಇಟ್ಟು, ನಮಸ್ಕಾರ ಹೇಳಿ ನನ್ನ ರಟ್ಟೆ ಹಿಡಿದರು. ಓಣಿಗೆ ಬಂದ ಮೇಲೆ, "ಇವರಿಗೆ ವಿದ್ಯಾರ್ಥಿ ಬ್ಯಾಡ, ಭಟ್ಟಂಗಿ ಬೇಕಾಗ್ಯಾನ" ಎಂದರು. ಅಷ್ಟು ದೂರ ಬಂದಿದ್ದೇವೆ, ಕೋಟೆಯ ಹಾಳುಗೋಡೆಗಳನ್ನಾದರೂ ನೋಡಿಕೊಂಡು ಹೋಗೋಣ ಎಂದೆ. "ಕಲ್ಲು ಎಲ್ಲೂ ಹೋಗೂದಿಲ್ಲ, ಮೋಟಾರ ಹೋಗ್ತದ" ಎಂದು ಮುಂದೆ ನಡೆದರು.

ಮೋಟಾರು ಬಸ್ಸಿನಲ್ಲಿ ನಾನು ಬೆರಳ ಮೇಲೆ ದಿನ ಎಣಿಸುತ್ತ ಕುಳಿತಿದ್ದೆ. ಧಾರವಾಡದಲ್ಲಿ ಪ್ರವೇಶ ಮುಗಿಯುತ್ತ ಬಂದಿತ್ತು.

ಸವದತ್ತಿಯಲ್ಲಿ ಹೆಣ್ಣುಮಕ್ಕಳ ಶಾಲೆಯ ಹೆಡ್‌ಬಾಯಿಯವರು ನರ್ಸಬಾಯಿಗೆ ಪರಿಚಿತರು. ನರ್ಸಬಾಯಿ ಅವರ ಬಳಿ ರೊಕ್ಕದ ಮಾತೇ ಎತ್ತಲಿಲ್ಲ. "ಇಕಿಗೆ ಕೆಲಸ ಕೊಡ್ರಿ" ಎಂದರು. ಹೆಡ್‌ಬಾಯಿ ಹಾಜರಿ ಪುಸ್ತಕ ತಿರುವಿ, ಒಬ್ಬ ಶಿಕ್ಷಕಿ ಬಾಣಂತನಕ್ಕೆ ಹೋಗುತ್ತಿದ್ದಾಳೆ, ಒಂದು ವರ್ಷ ಆಕೆಯ ಜಾಗದಲ್ಲಿ ಕಲಿಸಬಹುದು ಎಂದರು. ಅಷ್ಟೇ ಅಲ್ಲ, ಅವರ ಅಕ್ಕ ಧಾರವಾಡದಲ್ಲಿ ಹುಡುಗಿಯರ ಬೋರ್ಡಿಂಗ್ ನೋಡಿಕೊಳ್ಳುತ್ತಿದ್ದರು. ಬರುವ ವರ್ಷ ಅಲ್ಲಿಗೆ ಒಬ್ಬ ಸಹಾಯಕಿ ಬೇಕಿತ್ತು. ಸಣ್ಣ ಹುಡುಗಿಯರ ಮೇಲ್ವಿಚಾರಣೆ ಮಾಡಿದರೆ ಇರಲು ಜಾಗ, ಎರಡು ಹೊತ್ತಿನ ಊಟ. ಈ ವರ್ಷದ ಪಗಾರ ಕೂಡಿಟ್ಟರೆ ಫೀಸು. ಹೆಣ್ಣುಮಕ್ಕಳಿಗೆ ಫೀಸಿನಲ್ಲಿ ರಿಯಾಯಿತಿಯೂ ಸಿಗುತ್ತದೆ.

ದಾರಿ ಸಿಕ್ಕಿತ್ತು. ಆದರೆ ನನಗೆ ಅಳು ಬಂತು. ಶಾಲೆಯ ಮೆಟ್ಟಿಲ ಮೇಲೆ ನಿಂತು, "ಒಂದು ವರ್ಷ ಸುಮ್ಮನ ಹೋಗ್ತದಲ್ರಿ ಬಾಯಾರ! ನನ್ನ ಜೋಡಿ ಓದಿದವರೆಲ್ಲ ಈಗ ಹೆಸರು ಹಚ್ಚಿದಾರ" ಎಂದು ಕೂಗಾಡಿದೆ.

ಅವರು ಬೂಟಿನ ಲಾಡಿ ಬಿಗಿಯುತ್ತಿದ್ದರು. ತಲೆಯೆತ್ತದೆ ಹೇಳಿದರು: "ನಿನ್ನ ವಯಸ್ಸಿನಾಗ ನಾ ತಲಿ ಬೋಳಿಸ್ಕೊಂಡು ಹಿತ್ತಲದಾಗ ಕುಂತಿದ್ದೆ. ವರ್ಷ ಸುಮ್ಮನ ಹೆಂಗ ಹೋಗ್ತಾವ ಅಂತ ನನಗ ಹೇಳಬ್ಯಾಡ."

ನನ್ನ ಮನಸ್ಸು ಮಾತ್ರ ಒಪ್ಪಲಿಲ್ಲ. ರಾಮದುರ್ಗದವರು ಈ ಜೂನಿಗೇ ಕಳಿಸುತ್ತಾರೆ. ಹೊಲವೂ ಉಳಿಯುತ್ತದೆ, ವರ್ಷವೂ ಉಳಿಯುತ್ತದೆ. "ರಾಮದುರ್ಗಕ್ಕೂ ಹೋಗಿ ಬರೋಣ್ರಿ" ಎಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ, "ನಡಿ" ಎಂದರು.

ವಕೀಲರ ಮನೆಯಲ್ಲಿ ನಮ್ಮನ್ನು ಆದರದಿಂದ ಕಂಡರು. ಸುಳ್ಳು ಹೇಳಬಾರದು, ಒಳ್ಳೆಯ ಜನ. ಜಮಖಾನೆ ಹಾಸಿ, ಅವಲಕ್ಕಿ ಕೊಟ್ಟು, ಗೋಡೆಯ ಕಪಾಟಿನ ತುಂಬ ಇದ್ದ ಪುಸ್ತಕಗಳನ್ನು ವಕೀಲರೇ ತೆಗೆದು ತೋರಿಸಿದರು. ಆ ಕಪಾಟು ನೋಡುತ್ತಲೇ ನಾನು ಮನಸ್ಸಿನಲ್ಲಿ ಆ ಮನೆಯ ಹೊಸ್ತಿಲು ದಾಟಿಬಿಟ್ಟಿದ್ದೆ. ಆಗ ನರ್ಸಬಾಯಿ ಕೇಳಿದರು:

"ವಕೀಲರ, ಎಂ.ಎ. ಮುಗದ ಮ್ಯಾಲೆ ಇಕಿ ಕಾಲೇಜದಾಗ ನೌಕರಿ ಮಾಡಬಹುದಲ್ರಿ?"

ವಕೀಲರು ನಕ್ಕರು. "ನಮ್ಮ ಮನಿ ಸೊಸಿಗೆ ನೌಕರಿ ಯಾಕ ಬೇಕ್ರಿ ಬಾಯಾರ? ಸೊಸಿ ಎಂ.ಎ. ಆಗ್ಯಾಳ ಅಂತ ನಾಕ ಮಂದಿಗೆ ಹೇಳಾಕ ಇರ್ತದ."

ಅವರ ದನಿಯಲ್ಲಿ ಕೆಡುಕಿರಲಿಲ್ಲ. ಮೊಮ್ಮಕ್ಕಳಿಗೆ ಮಾಡಿಸುವ ಬೆಳ್ಳಿ ಬಟ್ಟಲಿನ ಮಾತಾಡಿದಂತೆ ಆಡಿದರು. ನರ್ಸಬಾಯಿ ಈಗ ಏನಾದರೂ ಅನ್ನುತ್ತಾರೆಂದು ಕಾದೆ. ಅವರು ಅನ್ನಲಿಲ್ಲ. ಎಲ್ಲರ ಮುಂದೆ ಪಟಪಟ ಮಾತಾಡುವ ಆ ಹೆಂಗಸು ಕೈಕಟ್ಟಿ ನನ್ನತ್ತ ನೋಡುತ್ತ ನಿಂತರು.

"ಕಾಕಾ, ನಾ ಮುಂದಿನ ವರ್ಷ ಓದತೇನ್ರಿ. ಸವದತ್ತಿ ಸಾಲ್ಯಾಗ ಕೆಲಸ ಸಿಕ್ಕದ" ಎಂದೆ. ಎಂದ ಮೇಲೆ ನನಗೇ ಗಾಬರಿಯಾಯಿತು.

ವಕೀಲರ ಮುಖ ಸಣ್ಣದಾಯಿತು, ಆದರೆ ಅವರು ಮರ್ಯಾದೆ ಬಿಡಲಿಲ್ಲ. ಹೊರಡುವಾಗ ಅವರ ಹೆಂಡತಿ ನನಗೆ ಕುಂಕುಮ ಹಚ್ಚುತ್ತ ಕಿವಿಯ ಹತ್ತಿರ ಬಾಗಿ, "ಛಲೋ ಮಾಡಿದಿ" ಎಂದರು. ಆ ತಾಯಿಯನ್ನು ಮತ್ತೆ ನಾನು ನೋಡಲಿಲ್ಲ.

ಮೋಟಾರು ಹಿಡಿಯಲು ಮಲಪ್ರಭೆಯ ದಂಡೆಗೆ ಬಂದೆವು. "ನೀವ್ಯಾಕ ಮಾತಾಡಲಿಲ್ರಿ?" ಎಂದು ಸಿಟ್ಟಿನಿಂದ ಕೇಳಿದೆ.

"ನಾ ಬ್ಯಾಡ ಅಂದಿದ್ರ, ಕಷ್ಟ ಬಂದಾಗೊಮ್ಮೆ ನನ್ನ ಹೆಸರು ಹೇಳ್ತಿದ್ದಿ. ಈಗ ಯಾರ ಹೆಸರು ಹೇಳ್ತಿ ಹೇಳು?" ಎಂದರು. ಆಮೇಲೆ ಅವರು ಎಂದೂ ಮಾಡದ ಒಂದು ಕೆಲಸ ಮಾಡಿದರು. ಮರಳಿನ ಮೇಲೆ ಕುಳಿತರು. ಮೋಟಾರು ಬರುವ ತನಕ ಏಳಲೇ ಇಲ್ಲ.

ಆ ವರ್ಷ ಸವದತ್ತಿಯಲ್ಲಿ ಕಲಿಸಿದೆ. ಮುಂದಿನ ಎರಡು ವರ್ಷ ಧಾರವಾಡದ ಬೋರ್ಡಿಂಗಿನಲ್ಲಿ ಹುಡುಗಿಯರ ತಲೆಯ ಹೇನು ತೆಗೆದೆ, ಜ್ವರ ಬಂದವರಿಗೆ ಗಂಜಿ ಕುಡಿಸಿದೆ, ಅವರ ಜಗಳ ಬಿಡಿಸಿದೆ. ನನ್ನ ಓದೆಲ್ಲ ಅವರು ಏಳುವ ಮುಂಚಿನ ನಸುಕಿನಲ್ಲಿ. ಎಷ್ಟೋ ಸಲ ಎಲ್ಲ ಬಿಟ್ಟು ಮನೆಗೆ ಓಡಬೇಕೆನಿಸಿತು. ವಕೀಲರ ಮನೆಯ ಕಪಾಟು ಕನಸಿನಲ್ಲಿ ಬರುತ್ತಿತ್ತು. ಅಂಥ ದಿನಗಳಲ್ಲೇ ನರ್ಸಬಾಯಿ ಬಾಗಿಲಲ್ಲಿ ಪ್ರತ್ಯಕ್ಷರಾಗಿ, ಸೇಂಗಾ ಉಂಡಿಯ ಗಂಟು ಕೈಗಿಟ್ಟು, "ದಣದೀ? ದಣೀ. ಹಂಗಿಗಿಂತ ದಣಿವು ಛಲೋ" ಎಂದು ಹೊರಟುಬಿಡುತ್ತಿದ್ದರು. ದೊಡವಾಡದ ಜೋಳ ವರ್ಷಾವರ್ಷ ನಮ್ಮ ಮನೆಗೆ ಬರುತ್ತಲೇ ಇತ್ತು. ತಂಗಿಯರೂ ಓದಿದರು.

ರಾಜ್ಯ ಒಂದಾದ ವರ್ಷ ನಾನು ಎಂ.ಎ. ಮುಗಿಸಿದೆ. ಬೆಳಗಾವಿಯ ಕಾಲೇಜಿನಲ್ಲಿ ನೌಕರಿಯೂ ಸಿಕ್ಕಿತು. ಅಷ್ಟರಲ್ಲಿ ಅವರಿಗೆ ರಾಮದುರ್ಗಕ್ಕೆ ವರ್ಗವಾಗಿತ್ತು. ಮೊದಲ ಪಗಾರದಲ್ಲಿ ಒಂದು ಒಳ್ಳೆಯ ಬಿಳಿ ಸೀರೆ ಕೊಂಡು, ಹೋಗಿ ಕೈಯಲ್ಲಿಟ್ಟೆ. "ನಿಮ್ಮ ಋಣ..." ಎಂದು ಶುರು ಮಾಡಿದೆ.

"ಎಂಥಾ ಋಣ? ಮೋಟಾರ ಚಾರ್ಜ ನಿಮ್ಮಪ್ಪ ಕೊಟ್ಟಾನ, ಚಹಾ ಮಂದಿ ಕೊಟ್ಟಾರ. ನಾ ಬರೇ ಜೋಡಿ ಬಂದೇನಿ. ಸೀರಿ ಉಡ್ತೇನಿ. ಇನ್ನೊಮ್ಮೆ ಋಣ ಅಂದಿ ಅಂದ್ರ ತಿರುಗಿ ನಿನ್ನ ಮೈಮ್ಯಾಲೆ ಒಗೀತೇನಿ."

ಮುಂದಿನ ಬೇಸಿಗೆಯಲ್ಲಿ ರಾಮದುರ್ಗದ ನೇಕಾರರ ಓಣಿಗೆ ಕಾಲರಾ ಬಿತ್ತು. ಮನೆಮನೆ ತಿರುಗಿ ಸೂಜಿ ಹಾಕುತ್ತಿದ್ದ ನರ್ಸಬಾಯಿಯವರನ್ನೂ ಅದು ಬಿಡಲಿಲ್ಲ. ದವಾಖಾನೆಯ ಕಂಪೌಂಡರ್ ಕಳಿಸಿದ ತಂತಿ ಮುಟ್ಟಿ ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಣ್ಣನ ಮನೆಯಿಂದ ಯಾರೂ ಬಂದಿರಲಿಲ್ಲ. ನೇಕಾರರೇ ಹೆಗಲು ಕೊಟ್ಟಿದ್ದರು.

ಅವರ ಖೋಲಿಯ ಮುಂದೆ ಓಣಿಯ ಹೆಂಗಸರು ಗುಂಪಾಗಿ ಕುಳಿತಿದ್ದರು. ಎಲ್ಲರ ಕಂಕುಳಲ್ಲೂ ಒಂದೊಂದು ಕೂಸು. ಚೀಲ ಹಿಡಿದು ನಿಂತ ನನ್ನನ್ನು ನೋಡಿ ಒಬ್ಬ ಹೆಂಗಸು ಎದ್ದು ಬಂದಳು.

"ಎಲ್ಲಿಂದ ಬಂದ್ರೀ? ಬಾಯಾರಿಗೆ ನೀವು ಏನಾಗಬೇಕ್ರಿ?"

ಏನೂ ಆಗಬೇಕಿರಲಿಲ್ಲ. ಜಾತಿ ಬೇರೆ, ಊರು ಬೇರೆ. ಋಣ ಎಂಬ ಮಾತನ್ನಂತೂ ಅವರು ಆಡಗೊಟ್ಟಿರಲಿಲ್ಲ.

"ಮಗಳು" ಎಂದೆ.

ಆಕೆ ಕಂಕುಳ ಕೂಸನ್ನು ಪಕ್ಕದವಳ ಕೈಗಿಟ್ಟಳು. ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದು ನನ್ನ ಕೈಗೆ ಕೊಟ್ಟಳು. "ಕಾಲು ತೊಳಕೊಂಡು ಒಳಗ ಬರ್ರಿ ಅವ್ವಾರ. ತಂತಿ ಕಳಿಸಿದಾಗಿಂದ ನಿಮ್ಮ ದಾರಿನ ನೋಡಾಕತ್ತಿದ್ವಿ" ಎಂದಳು.