ಭಾವನ ಎಡ ಪೆಡಲ್

ನಮ್ಮ ಭಾವ ಮೊದಲ ಸಲ ನಮ್ಮ ಮನೆಗೆ ಬಂದ ದಿನವೂ ಅವರ ಉಗುರಿನ ಸಂದಿಯಲ್ಲಿ ಗ್ರೀಸ್ ಇತ್ತು. ಅಮ್ಮ ಮೂಗು ಮುರಿದಳು, ಅಕ್ಕ ನಕ್ಕಳು, ಅಲ್ಲಿಗೆ ಮಾತು ಮುಗಿಯಿತು. ಅವರು ಓಡಿಸುತ್ತಿದ್ದದ್ದು ಚೈನ್ ಲೋಡರ್. ಟೈರಿನ ಬದಲು ಕಬ್ಬಿಣದ ಚೈನಿನ ಮೇಲೆ ತೆವಳುತ್ತ ಹೋಗಿ, ಮುಂದಿನ ಬಕೆಟ್ಟಿನಲ್ಲಿ ಮಣ್ಣು ಬಾಚಿ ಲಾರಿಗೆ ಸುರಿಯುತ್ತದಲ್ಲ, ಅದೇ ಯಂತ್ರ. ಮೊದಲು ಬೇರೆಯವರದ್ದು ಓಡಿಸಿದರು, ಆಮೇಲೆ ಸ್ವಂತಕ್ಕೆ ಒಂದು ಹಳೆಯದನ್ನು ಕೊಂಡರು. ಅದಕ್ಕೆ ಏನೇ ಕಾಯಿಲೆ ಬಂದರೂ ನೋಡುವ ಮೆಕ್ಯಾನಿಕ್ ನಾನು.

ಭಾವ ಹಳದಿ ಕಂಪನಿಯ ಭಕ್ತರು. ಹಳದಿ ಬಣ್ಣ ಬಳಿಯದ ಯಂತ್ರ ಅವರ ಕಣ್ಣಿಗೆ ಯಂತ್ರವೇ ಅಲ್ಲ. ನಾನು ಬಿಳಿ ಕಂಪನಿಯ ಪಕ್ಷ. ನಮ್ಮಿಬ್ಬರಿಗೂ ಮಾತಾಡಲು ಬೇರೆ ವಿಷಯವೇ ಇರಲಿಲ್ಲವೇನೋ ಅನ್ನುವ ಹಾಗೆ ಇಪ್ಪತ್ತು ವರ್ಷ ಇದೇ ಜಗಳ ಆಡಿದ್ದೇವೆ. ಊಟಕ್ಕೆ ಕೂತರೂ ಹಳದಿ ಬಿಳಿ, ಆಸ್ಪತ್ರೆಯಲ್ಲಿ ಅಮ್ಮನ ಮಂಚದ ಪಕ್ಕ ಕೂತರೂ ಹಳದಿ ಬಿಳಿ. ಎಷ್ಟೋ ಸಲ ನಾನೇ ಕಾಲು ಕೆರೆದುಕೊಂಡು ಜಗಳಕ್ಕೆ ಹೋಗುತ್ತಿದ್ದೆ, ಅವರ ಬಾಯಿಂದ ಎರಡು ಬೈಗುಳ ಕೇಳದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ.

ವ್ಯತ್ಯಾಸ ಇಷ್ಟೇ. ಹಳದಿಯನ್ನು ತಿರುಗಿಸುವುದು ಕಾಲಲ್ಲಿ. ಎಡ ಪೆಡಲ್ ಒತ್ತಿದರೆ ಎಡಗಡೆಯ ಚೈನು ನಿಧಾನವಾಗಿ ಯಂತ್ರ ಎಡಕ್ಕೆ ಹೊರಳುತ್ತದೆ, ಬಲ ಪೆಡಲ್ ಒತ್ತಿದರೆ ಬಲಕ್ಕೆ. ಬಿಳಿಯಲ್ಲಿ ಅದೆಲ್ಲ ಕೈಯಳತೆಯ ಒಂದು ಪುಟ್ಟ ಲಿವರ್‌ನಲ್ಲಿ ಮುಗಿಯುತ್ತದೆ.

"ಕಾಲು ಚಾಚ್ಕೊಂಡು ಕೂರೋಕೆ ಅದೇನು ಸೋಫಾನಾ?" ಎನ್ನುತ್ತಿದ್ದರು ಭಾವ. "ನೆಲ ಹೇಗಿದೆ ಅಂತ ಕಾಲಿಗೆ ಗೊತ್ತಾಗ್ಬೇಕು ಕಣೋ ಭಾಮೈದ. ಕೈಗೇನು ತಿಳಿಯುತ್ತೆ?"

ಅದಕ್ಕೇ ಅವರು ಬರಿಗಾಲಲ್ಲಿ ಓಡಿಸುತ್ತಿದ್ದರು. ಚಪ್ಪಲಿ ಎರಡನ್ನೂ ಚೈನಿನ ಮೇಲೆ ಜೋಡಿಸಿಟ್ಟು, ಕೆಲಸ ಶುರುವಾಗುವ ಮೊದಲು ತೆಗೆದು ಸೀಟಿನ ಹಿಂದೆ ಸೇರಿಸುತ್ತಿದ್ದರು. ಒದ್ದೆ ಮಣ್ಣು, ಸಡಿಲ ಮಣ್ಣು, ಒಳಗೆ ಬಂಡೆ ಅಡಗಿಸಿಕೊಂಡ ಮಣ್ಣು, ಎಲ್ಲ ಅಂಗಾಲಿಗೇ ತಿಳಿಯುತ್ತದೆಂದು ಅವರ ಜಂಬ. ಕಟ್ಟಡದ ಪಾಯದ ಮೂಲೆಗೆ ಆ ದೈತ್ಯ ಯಂತ್ರವನ್ನು ಅವರು ಹೊರಳಿಸುವುದನ್ನು ನೋಡಲು ಮೇಸ್ತ್ರಿಗಳು ಕರಣೆ ಕೆಳಗಿಟ್ಟು ನಿಲ್ಲುತ್ತಿದ್ದರು. ಬಾಯಲ್ಲಿ ಒಪ್ಪಿಕೊಳ್ಳದಿದ್ದರೂ ನಾನೂ ನಿಂತು ನೋಡುತ್ತಿದ್ದೆ.

ಹೀಗಿರುವಾಗ ಒಂದು ಮಳೆಗಾಲ ಮುಗಿಯುವ ಹೊತ್ತಿಗೆ ಅವರ ಹಳದಿ ತಕರಾರು ಶುರುಮಾಡಿತು.

"ಎಡ ಪೆಡಲ್ ಜಡ ಆಗಿದೆ," ಎಂದರು ಭಾವ. "ಒತ್ತಿದ್ರೂ ತಿರುಗಲ್ಲ. ಒಂದೊಂದ್ಸಲ ಒತ್ತದೇ ಇದ್ರೂ ತಿರುಗುತ್ತೆ."

ನಾನು ಪೆಡಲ್ ಬಿಚ್ಚಿದೆ, ರಾಡ್ ಬಿಚ್ಚಿದೆ, ಎಡಗಡೆಯ ಬ್ರೇಕ್ ಪೂರ್ತಿ ಬಿಚ್ಚಿ ಹರಡಿದೆ. ಏನೂ ಸಿಗಲಿಲ್ಲ. ಜೋಡಿಸಿ ನಾನೇ ಓಡಿಸಿ ನೋಡಿದರೆ ಬೆಣ್ಣೆಯ ಹಾಗೆ ತಿರುಗಿತು.

"ನನಗೆ ಸರಿಯಾಗೇ ತಿರುಗುತ್ತಲ್ಲ ಭಾವ!"

"ನಿನ್ನ ಮುಖ ನೋಡಿ ಹೆದರ್ಕೊಂಡು ತಿರುಗುತ್ತೆ ಅದು."

ಇಬ್ಬರೂ ನಕ್ಕೆವು. ಮತ್ತೆ ವಾರದಲ್ಲಿ ಅದೇ ದೂರು. ಮತ್ತೆ ಬಿಚ್ಚಿದೆ. ಕೊನೆಗೆ ತಲೆ ಕೆಟ್ಟು, "ಇದರ ಆಯಸ್ಸು ಮುಗೀತು, ಬೇರೆ ನೋಡಿ," ಎಂದುಬಿಟ್ಟೆ. ಅಷ್ಟು ದಿನ ನಾನು ಪೆಡಲ್ಲಿನ ಕೆಳಗೆ ಮಲಗಿ ಮೇಲೆ ನೋಡಿದೆನೇ ಹೊರತು, ಪೆಡಲ್ಲಿನ ಮೇಲಿದ್ದ ಕಾಲನ್ನು ನೋಡಲಿಲ್ಲ. ಮೆಕ್ಯಾನಿಕ್‌ಗಳ ಹಣೆಬರಹವೇ ಅಷ್ಟು, ಕಬ್ಬಿಣ ಬಿಟ್ಟರೆ ಬೇರೇನೂ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಹಳೆಯ ಯಂತ್ರ ಮಾರುವ ಯಾರ್ಡಿಗೆ ಇಬ್ಬರೂ ಹೋದೆವು. ಗೇಟಿನಿಂದ ಒಳಗೆ ಕೆಸರು, ಎರಡೂ ಕಡೆ ಖಾಲಿ ಡ್ರಮ್ಮುಗಳ ಸಾಲು, ನಡುವೆ ಅಕ್ಕಪಕ್ಕ ನಿಂತಿದ್ದವು ಒಂದು ಹಳದಿ, ಒಂದು ಬಿಳಿ. ಯಾರ್ಡಿನ ಸಾಹುಕಾರ ಬಾಯಿಗೆ ಬೀಗವಿಲ್ಲದ ಮನುಷ್ಯ. "ಎರಡೂ ನನ್ನ ಹೆಣ್ಮಕ್ಕಳಿದ್ದ ಹಾಗೆ, ಯಾರನ್ನ ಕರ್ಕೊಂಡು ಹೋದ್ರೂ ಕಣ್ಣೀರು ಹಾಕ್ತೀನಿ," ಎಂದ. ನಾನು ಬಗ್ಗಿ ಎರಡರ ಚೈನು, ಚೈನನ್ನು ಎಳೆಯುವ ಹಲ್ಲಿನ ಚಕ್ರ, ಕೆಳಗಿನ ರೋಲರುಗಳನ್ನು ತಟ್ಟಿ ನೋಡಿದೆ. ಹಳೆಯ ಚೈನ್ ಗಾಡಿಯ ಜೀವ ಇರುವುದು ಅಲ್ಲೇ; ಮೇಲಿನ ಬಣ್ಣ ಎಷ್ಟು ಹೊಳೆದರೂ ಕೆಳಗಿನ ಹಲ್ಲು ಸವೆದಿದ್ದರೆ ಕೊಂಡವನು ಕೆಟ್ಟ. ಎರಡೂ ಚೆನ್ನಾಗಿದ್ದವು.

ಭಾವ ಬಿಳಿಯ ಕಡೆ ತಿರುಗಿಯೂ ನೋಡದೆ ಹಳದಿಯನ್ನು ಹತ್ತಿದರು. ನೇರಕ್ಕೆ ಚೆನ್ನಾಗಿ ಹೋದರು. ಎಡಕ್ಕೆ ಹೊರಳಬೇಕಾದ ಕಡೆ ಯಂತ್ರ ಹೊರಳಲೇ ಇಲ್ಲ, ಸೀದಾ ಹೋಗಿ ಡ್ರಮ್ಮುಗಳ ಸಾಲಿಗೆ ಗುದ್ದಿತು. ಡ್ರಮ್ಮುಗಳು ಉರುಳಾಡಿದವು. ಸಾಹುಕಾರ ಬಾಯಿ ಬಡಿದುಕೊಂಡ.

ಭಾವ ಇಳಿದು ಬಂದು ಮುಖ ಗಂಟು ಹಾಕಿಕೊಂಡರು. "ಇದರದ್ದೂ ಎಡ ಪೆಡಲ್ ಜಡ."

"ಸಾಧ್ಯನೇ ಇಲ್ಲ ಸ್ವಾಮಿ! ಮೊನ್ನೆ ತಾನೇ ಎಲ್ಲಾ ಹೊಸದು ಹಾಕ್ಸಿದೀನಿ!"

ನಾನು ಹತ್ತಿ ಕೂತೆ. ಪೆಡಲ್ ಒತ್ತಿದೆ, ಎಡಕ್ಕೆ ಸಲೀಸಾಗಿ ತಿರುಗಿತು. ಎರಡು ಬೇರೆ ಬೇರೆ ಯಂತ್ರ, ಒಂದೇ ಕಾಯಿಲೆ, ಅದೂ ಭಾವ ಕೂತಾಗ ಮಾತ್ರ. ಎತ್ತರದ ಸೀಟಿನಿಂದ ಅವರು ನಿಂತ ಕಡೆ ನೋಡಿದೆ. ಅವರ ಬಲಗಾಲ ಚಪ್ಪಲಿ ಎಂದಿನ ಹಾಗೆ ಸೀಟಿನ ಹಿಂದಿತ್ತು. ಎಡಗಾಲಿನದು ಮಾತ್ರ ದೂರದಲ್ಲಿ, ಗೇಟಿನ ಹತ್ತಿರದ ಕೆಸರಿನಲ್ಲಿ ಮಗುಚಿ ಬಿದ್ದಿತ್ತು. ಅಷ್ಟು ದೂರ ಒಂದೇ ಚಪ್ಪಲಿಯಲ್ಲಿ ನಡೆದು ಬಂದಿದ್ದರು, ಅವರಿಗೆ ಗೊತ್ತೇ ಆಗಿರಲಿಲ್ಲ.

ಇಳಿದು ಹೋಗಿ ಚಪ್ಪಲಿ ಎತ್ತಿ ತಂದು ಅವರ ಮುಂದಿಟ್ಟೆ. ಅವರು ಚಪ್ಪಲಿ ನೋಡಿದರು, ಆಮೇಲೆ ತಮ್ಮ ಕಾಲನ್ನು ಬೇರೆ ಯಾರದೋ ಕಾಲೆಂಬಂತೆ ನೋಡಿದರು.

"ಎಷ್ಟು ದಿನದಿಂದ ಭಾವ?"

"ಮರಗಟ್ಟಿದ ಹಾಗೆ ಇತ್ತು. ಶೀತಕ್ಕೆ ಅನ್ಕೊಂಡೆ." ಬಗ್ಗಿ ಕಾಲನ್ನು ಮುಟ್ಟಿ ನೋಡಿಕೊಂಡು ಹೇಳಿದರು: "ಗಾಡೀದೇ ತಪ್ಪು ಅಂತ ನೀನೂ ಹೇಳ್ದೆಯಲ್ಲ. ನಂಗೂ ಧೈರ್ಯ ಬಂದಿತ್ತು."

ಸಾಹುಕಾರ ಡ್ರಮ್ಮುಗಳನ್ನು ಎತ್ತಿ ನಿಲ್ಲಿಸುತ್ತಿದ್ದ. ಭಾವ ಕೆಸರು ಮೆತ್ತಿದ ಚಪ್ಪಲಿಯೊಳಗೆ ಕಣ್ಣಿಂದ ನೋಡಿಕೊಂಡೇ ಕಾಲು ತೂರಿಸಿದರು. ಆಮೇಲೆ, "ಆ ಬಿಳೀದು ತೋರ್ಸಿ," ಎಂದರು.

ಇಪ್ಪತ್ತು ವರ್ಷ ನಾನು ಕೇಳಬೇಕೆಂದಿದ್ದ ಮಾತು ಅದು. ಕೇಳಿದೆ. ಅಂಥ ಗೆಲುವು ನನ್ನ ಶತ್ರುವಿಗೂ ಬೇಡ.

"ಬಿಳೀದು ಬೇಡ ಭಾವ," ಎಂದೆ. "ಅದರ ಪಾರ್ಟ್ಸು ಎಲ್ಲಾ ಕಡೆ ಸಿಗಲ್ಲ. ನಾಳೆ ಕೆಟ್ಟು ನಿಂತ್ರೆ ಏನ್ ಮಾಡ್ತೀರಾ?"

"ಡೀಸೆಲ್ ಕಮ್ಮಿ ಕುಡಿಯುತ್ತೆ ಅಂತಿದ್ದೆ ನೀನು."

"ಅದು ಹಾಗೇ ಹೇಳ್ತಿದ್ದೆ ಬಿಡಿ, ನಿಮ್ಮನ್ನ ರೇಗಿಸೋಕೆ. ಹಳದಿ ಮುಂದೆ ಇದೇನು?"

"ಕೈಯಲ್ಲೇ ತಿರುಗಿಸಬಹುದು ಅಂತಿದ್ದೆ," ಎಂದರು ಭಾವ. "ಸುಮ್ನಿರೋ. ಮಣ್ಣು ತುಂಬೋದು ಬಿಟ್ರೆ ನಂಗೆ ಬೇರೆ ಏನು ಬರುತ್ತೆ ಹೇಳು?"

ಬಿಳಿಯನ್ನೇ ಕೊಂಡೆವು.

ಭಾವನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದದ್ದು ಅಕ್ಕ. ಸಕ್ಕರೆ ಕಾಯಿಲೆ, ಯಾವ ಕಾಲದಿಂದಲೋ ಸದ್ದಿಲ್ಲದೆ ಇತ್ತಂತೆ. ಕಾಲಿನ ನರಗಳನ್ನು ತಿಂದುಹಾಕಿತ್ತು. ಹೋದ ಸ್ಪರ್ಶ ವಾಪಸ್ ಬರುವುದು ಕಷ್ಟ, ಇರುವುದನ್ನು ಉಳಿಸಿಕೊಳ್ಳಿ ಎಂದರು ಡಾಕ್ಟರು. ಅವತ್ತಿನಿಂದ ಅಕ್ಕ ಪ್ರತಿ ಸಂಜೆ ಕನ್ನಡಕ ಹಾಕಿಕೊಂಡು, ಭಾವನ ಎರಡೂ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು, ಎಲ್ಲಾದರೂ ಗಾಯವಾಗಿದೆಯೇ ಎಂದು ಬೆರಳು ಬೆರಳಿನ ಸಂದಿ ಬಿಡಿಸಿ ನೋಡತೊಡಗಿದಳು. "ಅಕ್ಕಿಯಲ್ಲಿ ಕಲ್ಲು ಹುಡುಕೋ ಹಾಗೆ ಹುಡುಕ್ತಾಳೆ ನಿಮ್ಮಕ್ಕ," ಎಂದು ಭಾವ ನಗುತ್ತಿದ್ದರು. ಅಕ್ಕ ನಗುತ್ತಿರಲಿಲ್ಲ.

ಬಿಳಿ ಯಂತ್ರಕ್ಕೆ ಅವರು ಹೊಂದಿಕೊಂಡರು. ಬೂಟು ಹಾಕಿಕೊಂಡು ಓಡಿಸುವುದನ್ನು ಕಲಿತರು. ಹಳೆಯ ಹಳದಿಯನ್ನು ಮಾತ್ರ ಮಾರಲು ಬಿಡಲಿಲ್ಲ, ಶೆಡ್ಡಿನ ಹಿಂದೆ ನಿಲ್ಲಿಸಿದರು. ನನ್ನೆದುರು ಬಿಳಿಯನ್ನು ಒಂದು ದಿನವೂ ಹೊಗಳಲಿಲ್ಲ. "ಪರವಾಗಿಲ್ಲ, ಮಕ್ಕಳಾಟದ ಸಾಮಾನು," ಎನ್ನುತ್ತಿದ್ದರು. ಆ ಮಾತು ಕೇಳಿದಾಗ ನನಗೆ ಎಷ್ಟು ಸಮಾಧಾನವಾಗುತ್ತಿತ್ತು ಎಂದರೆ, ಇನ್ನಷ್ಟು ಬೈಸಿಕೊಳ್ಳೋಣವೆಂದೇ ಕೆಲಸದ ಜಾಗಕ್ಕೆ ಹೋಗುತ್ತಿದ್ದೆ.

ಮುಂದಿನ ಮಳೆಗಾಲ ಬರುವವರೆಗೂ ನಡೆಯಿತು. ಒಂದು ಮಧ್ಯಾಹ್ನ ತುಂಬಿದ ಬಕೆಟ್ಟನ್ನು ಲಾರಿಯ ಮೇಲೆ ತಂದರು. ಲಿವರ್ ಬಿಟ್ಟೆ ಎಂದುಕೊಂಡಿದ್ದರು, ಬೆರಳು ಬಿಟ್ಟಿರಲಿಲ್ಲ. ಬಕೆಟ್ಟು ಇಳಿಯುತ್ತಲೇ ಹೋಗಿ ಲಾರಿಯ ಕ್ಯಾಬಿನ್ನನ್ನು ಜಜ್ಜಿತು. ಡ್ರೈವರ್ ಕೆಳಗೆ ಚಹಾ ಕುಡಿಯುತ್ತಿದ್ದ, ಅದಕ್ಕೇ ಬದುಕಿದ. ಯಾರೂ ಬೈಯಲಿಲ್ಲ. ಭಾವ ಬಕೆಟ್ಟನ್ನು ನೆಲಕ್ಕಿಳಿಸಿ, ಇಂಜಿನ್ ಆರಿಸಿ, ಇಳಿದು ಬಂದು ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟರು. ಕೊಟ್ಟ ಮೇಲೂ ಕೀಲಿ ಇನ್ನೂ ತಮ್ಮ ಕೈಯಲ್ಲೇ ಇದೆಯೋ ಎಂದು ಬೆರಳುಗಳನ್ನು ನೋಡಿಕೊಂಡರು.

"ಕೈಗೂ ಬಂತು ಕಣೋ," ಎಂದರು.

ಕಾಲಿಗಾದರೆ ಕೈಯ ಯಂತ್ರವಿತ್ತು. ಇನ್ನು ಕೊಳ್ಳಲು ಯಾವ ಕಂಪನಿಯೂ ಇರಲಿಲ್ಲ.

ಆಮೇಲೆ ಭಾವ ಕಿಟಕಿಯ ಪಕ್ಕದ ಕುರ್ಚಿ ಹಿಡಿದರು. ಮಾತು ಕಡಿಮೆಯಾಯಿತು. ಬಿಳಿಯನ್ನು ಮಾರಿದೆವು. ಕೊಂಡವನು ಅದನ್ನು ಒಯ್ಯಲು ಬಂದಾಗ, "ಹಳದಿ ಒಳ್ಳೇದಾ, ಇದು ಒಳ್ಳೇದಾ?" ಎಂದು ಕೇಳಿದ. ಭಾವ ಗೋಡೆ ನೋಡುತ್ತ, "ಎರಡೂ ಒಳ್ಳೇವೇ," ಎಂದರು. ನಾನು ಹೊರಗೆ ಹೋಗಿ ಅತ್ತೆ. ಹಳದಿಯನ್ನು ಬಿಟ್ಟುಕೊಟ್ಟ ಭಾವನನ್ನು ನೋಡುವ ಶಕ್ತಿ ನನಗಿರಲಿಲ್ಲ.

ಅವತ್ತೇ ಶೆಡ್ಡಿನ ಹಿಂದೆ ಹೋಗಿ ಹಳೆಯ ಹಳದಿಯ ಪೆಡಲ್ ಎರಡನ್ನೂ ಬಿಚ್ಚಿದೆ. ತುಕ್ಕು ಉಜ್ಜಿ, ಒಂದು ದಪ್ಪ ಹಲಗೆಗೆ ಬೋಲ್ಟು ಹಾಕಿ, ಒತ್ತಿದರೆ ತಗ್ಗಿ ಬಿಟ್ಟರೆ ಏಳುವ ಹಾಗೆ ಅವುಗಳದೇ ಸ್ಪ್ರಿಂಗು ಕೂರಿಸಿದೆ. ತಂದು ಅವರ ಕುರ್ಚಿಯ ಮುಂದಿಟ್ಟೆ.

"ಏನೋ ಇದು ಹುಚ್ಚಾಟ?" ಎಂದರು ಭಾವ. ಬಹಳ ದಿನದ ಮೇಲೆ ನನ್ನನ್ನು ಬೈದರು. ಬೈಯುತ್ತಲೇ ಎರಡೂ ಕಾಲು ಎತ್ತಿ ಇಟ್ಟರು. ಆಮೇಲೆ ಕಣ್ಣು ಮುಚ್ಚಿದರು. ಕುರ್ಚಿಯಲ್ಲೇ ಸ್ವಲ್ಪ ಮುಂದಕ್ಕೆ ಬಾಗಿದರು, ಪಾಯದ ಮೂಲೆ ಹತ್ತಿರ ಬಂದಾಗ ಬಾಗುತ್ತಿದ್ದ ಹಾಗೆ.

ಬಲಗಾಲು ಪೆಡಲ್ಲಿನ ಮೇಲಿತ್ತು. ಎಡಗಾಲು ಆಗಲೇ ಜಾರಿ ನೆಲಕ್ಕೆ ಬಿದ್ದಿತ್ತು.

"ಲೇ," ಎಂದು ಅವರು ಕಣ್ಣು ಮುಚ್ಚಿಕೊಂಡೇ ಅಕ್ಕನನ್ನು ಕರೆದರು. "ಎಡಗಾಲು ಪೆಡಲ್ ಮೇಲಿದೆಯಾ?"

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನೆಲದ ಮೇಲಿದ್ದ ಆ ಕಾಲನ್ನು ನೋಡಿದಳು, ನನ್ನನ್ನು ನೋಡಿದಳು.

"ಇದೆ ರೀ," ಎಂದಳು. "ಅಲ್ಲೇ ಇದೆ."

"ಹೂಂ," ಎಂದು ಭಾವ ತಲೆಯಾಡಿಸಿದರು. "ಗೊತ್ತಾಗ್ತಿದೆ ನಂಗೆ." ಅವರ ತೊಡೆ ಬಿಗಿಯಿತು, ಎಡಗಾಲು ನೆಲವನ್ನು ಮೆಲ್ಲಗೆ ಒತ್ತಿತು, ಮೈಯೆಲ್ಲ ಎಡಕ್ಕೆ ವಾಲಿತು. ನಾನು ಮೊಣಕಾಲೂರಿ ಕೂತು, ಆ ಕಾಲನ್ನು ಎತ್ತಿ ಪೆಡಲ್ಲಿನ ಮೇಲಿಟ್ಟು, ನನ್ನ ಕೈಯಿಂದ ಅದುಮಿ ಹಿಡಿದೆ. ಅವರಿಗೆ ತಿಳಿಯಲಿಲ್ಲ.