ಜಪಾನಿಗೆ ಹೋಗಿಬಂದ ಸೂಪರ್‌ವೈಸರು

ಕುವೈತಿನ ಫಹಾಹೀಲಿನಲ್ಲಿದ್ದ ನಮ್ಮ ಕಂಪನಿಯ ಬಸ್ಸುಗಳನ್ನು ನೋಡಿಕೊಳ್ಳುತ್ತಿದ್ದ ಸೂಪರ್‌ವೈಸರು ಪುತ್ತೂರು ಕಡೆಯ ಬ್ಯಾರಿ. ಒಮ್ಮೆ ತರಬೇತಿಗೆಂದು ಹತ್ತು ದಿನ ಜಪಾನಿಗೆ ಹೋಗಿಬಂದರು. ಆಮೇಲೆ ಚಹಾ ತಣ್ಣಗಾದರೂ, ಲಿಫ್ಟ್ ಕೆಟ್ಟರೂ ಅವರದು ಒಂದೇ ಮಾತು: "ಜಪಾನಲ್ಲಿ ಹೀಗಿಲ್ಲ ಮಾರಾಯ್ರೇ!"

ಅಲ್ಲಿನ ಕಾರ್ಖಾನೆಯ ಗೋಡೆಯಲ್ಲಿ ಪ್ರತಿ ಸ್ಪ್ಯಾನರಿಗೂ ಅದರದೇ ಆಕಾರ ಬರೆದ ಜಾಗವಿದೆಯಂತೆ. ರೈಲು ಒಂದು ನಿಮಿಷ ತಡವಾಗಿದ್ದಕ್ಕೆ ಗಾರ್ಡು ತಲೆಬಾಗಿ ಕ್ಷಮೆ ಕೇಳಿದನಂತೆ. "ಒಂದೇ ನಿಮಿಷಕ್ಕೆ!" ಎಂದು ಅವರು ಬೆರಳೆತ್ತುವಾಗ ನಾವು ನಗು ತಡೆದುಕೊಳ್ಳುತ್ತಿದ್ದೆವು. ಪ್ರಯಾಣಿಕರ ರೈಲೇ ಇಲ್ಲದ ಕುವೈತಿನಲ್ಲಿ ಈ ಕಥೆ ಯಾರಿಗೆ ಬೇಕಿತ್ತು?

ಒಂದು ಜುಲೈ ದಿನ ಬಸ್ಸು ಕೆಟ್ಟು, ಸೈಟಿನಲ್ಲಿದ್ದ ನಾವೆಲ್ಲ ಬಿಸಿಲಲ್ಲಿ ಮುಕ್ಕಾಲು ಗಂಟೆ ಕಾದೆವು. ಬೇರೆ ಬಸ್ಸು ತಂದ ಸೂಪರ್‌ವೈಸರು ಬಾಗಿಲ ಬಳಿ ನಿಂತು, ಹತ್ತುವ ಒಬ್ಬೊಬ್ಬರಿಗೂ ಸೊಂಟ ಬಗ್ಗಿಸಿ, "ತಪ್ಪು ನಮ್ಮದು ಭಾಯಿ, ಮಾಫ್ ಮಾಡಿ" ಎಂದರು. ಹೊಟ್ಟೆ ದೊಡ್ಡದು, ಬಗ್ಗಿದಾಗಲೆಲ್ಲ ಏದುಸಿರು. ಎಲ್ಲರೂ ನಕ್ಕರು, ನಾನೂ.

ಕೊನೆಗೆ ಬಂದ ವಯಸ್ಸಾದ ಕ್ಲೀನರ್ ಮಾತ್ರ ನಗಲಿಲ್ಲ. "ಇಲ್ಲಿಗೆ ಬಂದು ಇಪ್ಪತ್ತು ವರ್ಷ ಆಯ್ತು ಸಾಬ್. ನನ್ನ ಹತ್ತಿರ ಯಾರೂ ಮಾಫಿ ಕೇಳಿರಲಿಲ್ಲ" ಎಂದರು.

ಸೂಪರ್‌ವೈಸರು ಅವರ ಕೈಹಿಡಿದು ಹತ್ತಿಸಿ, ಎ.ಸಿ. ಗಾಳಿ ಬೀಸುವ ತಮ್ಮ ಸೀಟಿನಲ್ಲಿ ಕೂರಿಸಿ, ತಾವು ದಾರಿಯುದ್ದಕ್ಕೂ ನಿಂತೇ ಬಂದರು.